ಥ್ರಿಲ್ಲರ್ ಓಪನಿಂಗ್ ಎಡಿಟ್ ಮಾಡಿದ್ದೇವೆ, ಆದರೆ ಭಯವೇ ಹುಟ್ಟುತ್ತಿಲ್ಲ. ಎಲ್ಲಿ ತಪ್ಪಿದೆವು?

ಮಳೆಶಾಟ್ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಸೇರಿ ಮೀಡಿಯಾ ತರಗತಿಗೆ ಒಂದು ಥ್ರಿಲ್ಲರ್ ಓಪನಿಂಗ್ ಮಾಡುತ್ತಿದ್ದೇವೆ. ಪೂರ್ತಿ ಸಿನಿಮಾ ಅಲ್ಲ. ಸಿನಿಮಾದ ಮೊದಲ 2 ನಿಮಿಷ ಮಾತ್ರ, ಟೈಟಲ್ ಕೂಡ ಅದರಲ್ಲೇ ಬರಬೇಕು. ಶೂಟಿಂಗ್ ಮುಗಿದಿದೆ, ಒಂದು ರಫ್ ಕಟ್ (ಮೊದಲ ಕಚ್ಚಾ ಜೋಡಣೆ) ಕೂಡ ಆಗಿದೆ. ಒಪ್ಪಿಸಲು ಇನ್ನು 12 ದಿನ ಇದೆ.

ಕಥೆ ಇಷ್ಟೇ. ಒಂಟಿಯಾಗಿ ಇರುವ ಹುಡುಗಿ ಮಳೆಯ ರಾತ್ರಿ ಮನೆಗೆ ಬರುತ್ತಾಳೆ. ಛತ್ರಿ ಮಡಚಿ ಬಾಗಿಲ ಪಕ್ಕ ಇಡುತ್ತಾಳೆ. ಚಿಲಕ ಹಾಕುತ್ತಾಳೆ. ಒಳಗೆ ಓಡಾಡುತ್ತಾಳೆ, ನೀರು ಕಾಯಿಸಲು ಇಡುತ್ತಾಳೆ. ಏನೋ ಸದ್ದು ಕೇಳುತ್ತದೆ. ವಾಪಸ್ ಬಂದು ನೋಡಿದರೆ ಬಾಗಿಲ ಹಿಂದಿನ ಮೂಲೆಯಲ್ಲಿ ಇನ್ನೊಂದು ಛತ್ರಿ ಇದೆ. ಅದೂ ಒದ್ದೆಯಾಗಿದೆ. ಕೆಳಗೆ ನೀರು ನಿಂತಿದೆ. ಅಲ್ಲಿಗೆ ಕಟ್, ಸಿನಿಮಾದ ಹೆಸರು.

ಕಾಗದದ ಮೇಲೆ ಬರೆದಾಗ ನಮಗೇ ಮೈ ಜುಂ ಅಂದಿತ್ತು. ಈಗ ಟೈಮ್‌ಲೈನ್‌ನಲ್ಲಿ (ಎಡಿಟಿಂಗ್‌ನಲ್ಲಿ ಶಾಟ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಲ್ಲಿ) ನೋಡಿದರೆ ಏನೂ ಅನಿಸುತ್ತಿಲ್ಲ. ನಮ್ಮ ಮೇಷ್ಟ್ರು ಒಮ್ಮೆ ಪೂರ್ತಿ ನೋಡಿ, "ಏನೋ ಆಗ್ತಿದೆ ಅಂತ ಗೊತ್ತಾಗುತ್ತೆ, ಆದರೆ ಭಯ ಆಗಲ್ಲ" ಅಂದರು. ಅದು ನಿಜ. 1 ನಿಮಿಷ 58 ಸೆಕೆಂಡಿನಲ್ಲಿ 71 ಶಾಟ್ ಇದೆ. ಶುರುವಿನಿಂದ ಕೊನೆವರೆಗೂ ಪಿಟೀಲಿನ ಸಂಗೀತ ಇದೆ. ಎರಡು ಕಡೆ ಸ್ಲೋ ಮೋಷನ್ ಹಾಕಿದ್ದೇವೆ, ಅದು ತಡೆತಡೆದು ಓಡುತ್ತದೆ. ಫೋನ್‌ನಲ್ಲೇ ಶೂಟ್ ಮಾಡಿದ್ದು. ಒಳ್ಳೆ ಕ್ಯಾಮೆರಾ ಇದ್ದಿದ್ದರೆ ಸರಿಹೋಗುತ್ತಿತ್ತಾ? ದಯವಿಟ್ಟು ನೇರವಾಗಿ ಹೇಳಿ.

ಹಳೇಎಡಿಟರ್

ಕ್ಯಾಮೆರಾ ವಿಷಯ ಬಿಡಿ. ನಿಮ್ಮ ತೊಂದರೆ ಛತ್ರಿ ಬರುವ ಜಾಗದಲ್ಲಿದೆ. ಅದು ಎಷ್ಟನೇ ಸೆಕೆಂಡಿಗೆ ಕಾಣುತ್ತದೆ?

ಮಳೆಶಾಟ್

1:44ಕ್ಕೆ. ಅದೇ ನಮ್ಮ ಟ್ವಿಸ್ಟ್ ಅಲ್ವಾ, ಅದಕ್ಕೇ ಕೊನೆಗೆ ಇಟ್ಟೆವು.

ಹಳೇಎಡಿಟರ್

ಅಂದರೆ 1:44ರ ತನಕ ನೋಡುಗನ ಕೈಯಲ್ಲಿ ಏನೂ ಇಲ್ಲ. ಒಬ್ಬ ಹುಡುಗಿ ಮನೆಗೆ ಬಂದು ನೀರು ಕಾಯಿಸುತ್ತಿದ್ದಾಳೆ, ಅಷ್ಟೇ. ಅದಕ್ಕೆ ನೀವು 71 ಕಟ್ ಹಾಕಿದರೂ, ಪಿಟೀಲು ಎಷ್ಟು ಕೂಗಿದರೂ ಅದು ನೀರು ಕಾಯಿಸುವುದೇ.

ಥ್ರಿಲ್ಲರ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರೂಫೋ ಜೊತೆ ಮಾತಾಡುವಾಗ ಇದಕ್ಕೆ ಒಂದು ಉದಾಹರಣೆ ಕೊಟ್ಟಿದ್ದರು. ಇಬ್ಬರು ಮೇಜಿನ ಮುಂದೆ ಕೂತು ಸುಮ್ನೆ ಹರಟುತ್ತಿದ್ದಾರೆ. ಇದ್ದಕ್ಕಿದ್ದಂತೆ ಬಾಂಬ್ ಸಿಡಿಯುತ್ತದೆ. ನೋಡುವವರು ಬೆಚ್ಚಿಬೀಳುವುದು 15 ಸೆಕೆಂಡ್. ಅದೇ ಬಾಂಬ್ ಮೇಜಿನ ಕೆಳಗಿದೆ ಅಂತ ನೋಡುವವರಿಗೆ ಮೊದಲೇ ತೋರಿಸಿ, ಆಮೇಲೆ ಅದೇ ಹರಟೆ ಮುಂದುವರಿಸಿ. ಈಗ 15 ನಿಮಿಷ ಯಾರೂ ಕುರ್ಚಿಯಲ್ಲಿ ನೆಟ್ಟಗೆ ಕೂರುವುದಿಲ್ಲ. ಮಾತು ಅದೇ, ಮೇಜೂ ಅದೇ.

ನಿಮ್ಮ ಛತ್ರಿಯೇ ಆ ಬಾಂಬ್. ಅದನ್ನು 20ನೇ ಸೆಕೆಂಡಿಗೆ ತನ್ನಿ. ನಮಗೆ ಕಾಣಲಿ, ಅವಳಿಗೆ ಕಾಣದಿರಲಿ. ಅವಳು ತನ್ನ ಛತ್ರಿ ಇಡುತ್ತಾಳೆ, ಬಾಗಿಲು ಮುಚ್ಚುತ್ತಾಳೆ. ಬಾಗಿಲು ಮುಚ್ಚಿದಾಗಲೇ ಹಿಂದಿನ ಮೂಲೆ ನಮಗೆ ಕಾಣುವುದು. ಅವಳು ಆಗಲೇ ಬೆನ್ನು ತಿರುಗಿಸಿ ಒಳಗೆ ಹೋಗುತ್ತಿದ್ದಾಳೆ. ಆಮೇಲೆ ಅವಳು ಏನು ಮಾಡಿದರೂ ನಮಗೆ ಹೆದರಿಕೆಯೇ. ಶೂ ಬಿಚ್ಚಿದರೂ ಸರಿ, ಪಾತ್ರೆ ತೆಗೆದರೂ ಸರಿ.

ಎರಡನೇವರ್ಷ

ನಾನು ಹೋದ ವರ್ಷ ಇದೇ ಪ್ರಾಜೆಕ್ಟ್ ಮಾಡಿದ್ದೆ. ಹಳೇಎಡಿಟರ್ ಹೇಳಿದ್ದಕ್ಕೆ ನಾನು ಪೂರ್ತಿ ಒಪ್ಪುವುದಿಲ್ಲ. ಮೊದಲೇ ತೋರಿಸಿಬಿಟ್ಟರೆ ಕೊನೆಗೆ ಏನು ಉಳಿಯುತ್ತದೆ? ಓಪನಿಂಗ್ ಅಂದಮೇಲೆ ಕೊನೆಯ ಶಾಟ್‌ನಲ್ಲಿ ಮುಂದೇನು ಅನ್ನೋ ಪ್ರಶ್ನೆ ನಿಲ್ಲಬೇಕು. ಛತ್ರಿ 20ನೇ ಸೆಕೆಂಡಿಗೆ ಬಂದರೆ 1:58ಕ್ಕೆ ಬರಿ ಹೆಸರು ಮಾತ್ರ ಬರುತ್ತದೆ.

ಆದರೆ ಶಾಟ್ ಜಾಸ್ತಿ ಆಯಿತು ಅನ್ನೋದು ನಿಜ. 118 ಸೆಕೆಂಡಿಗೆ 71 ಅಂದರೆ ಒಂದು ಶಾಟ್‌ಗೆ ಸರಾಸರಿ 1.7 ಸೆಕೆಂಡ್ ಕೂಡ ಇಲ್ಲ. ಅಟ್ಟಿಸಿಕೊಂಡು ಹೋಗುವ ದೃಶ್ಯಕ್ಕೆ ಅದು ಸರಿ. ಕಾಯುವ ದೃಶ್ಯಕ್ಕೆ ಅಲ್ಲ.

ಹಳೇಎಡಿಟರ್

ಒಳ್ಳೆ ಪ್ರಶ್ನೆ. ಕೊನೆಯ ಶಾಟ್ ಬೇರೆಯೇ ಬೇಕು, ಒಪ್ಪುತ್ತೇನೆ. ಯೋಚಿಸುತ್ತೇನೆ.

ಕಿವಿಕೊಟ್ಟವ

ಸೌಂಡ್ ಬಗ್ಗೆ ಯಾರೂ ಹೇಳಿಲ್ಲ, ಅದಕ್ಕೆ ನಾನು ಬಂದೆ. ಮಳೆಶಾಟ್, ಒಂದು ಪ್ರಯೋಗ ಮಾಡಿ. ಸಂಗೀತದ ಟ್ರ್ಯಾಕ್ ಪೂರ್ತಿ ಮ್ಯೂಟ್ ಮಾಡಿ ಒಮ್ಮೆ ನೋಡಿ. ಏನು ಕೇಳುತ್ತದೆ ಅಂತ ಬರೆಯಿರಿ.

ಮಳೆಶಾಟ್

ಈಗಷ್ಟೇ ಮಾಡಿದೆ. ಪ್ರತಿ ಕಟ್‌ಗೂ ಹಿಂದಿನ ಸದ್ದು ಬದಲಾಗುತ್ತಿದೆ. ಒಂದು ಶಾಟ್‌ನಲ್ಲಿ ಫ್ರಿಜ್ ಗುಂಯ್ ಅನ್ನುತ್ತದೆ, ಮುಂದಿನದರಲ್ಲಿ ಇಲ್ಲ. ಒಂದು ಕಡೆ ಗೆಳೆಯ "ಆ್ಯಕ್ಷನ್" ಅಂದದ್ದರ ಬಾಲ ಉಳಿದಿದೆ. ಚಿಲಕ ಹಾಕುವ ಸದ್ದು ಕೇಳಿಸುವುದೇ ಇಲ್ಲ. ಅಡುಗೆಮನೆ ಭಾಗದಲ್ಲಿ ಸದ್ದು ತುಟಿಗಿಂತ ಹಿಂದೆ ಬೀಳುತ್ತಾ ಹೋಗುತ್ತದೆ. ಇದನ್ನೆಲ್ಲ ಮುಚ್ಚಲೆಂದೇ ಸಂಗೀತ ಜೋರು ಮಾಡಿದ್ದೆವು ಅಂತ ಈಗ ಅರ್ಥವಾಯಿತು.

ಕಿವಿಕೊಟ್ಟವ

ಇದೆಲ್ಲ ಸರಿಮಾಡಬಹುದು, ಗಾಬರಿ ಬೇಡ.

ಮೊದಲು ಅದೇ ಮನೆಗೆ ವಾಪಸ್ ಹೋಗಿ, ರಾತ್ರಿ ಅದೇ ಹೊತ್ತಿಗೆ. ಫ್ರಿಜ್ ಆಫ್ ಮಾಡಿ. ಅದನ್ನು ಮತ್ತೆ ಆನ್ ಮಾಡಲು ಮರೆಯದಂತೆ ಸೌಂಡ್‌ನವರು ಕಾರಿನ ಕೀಯನ್ನು ಫ್ರಿಜ್ ಒಳಗೇ ಇಡುತ್ತಾರೆ. ಕೀ ಇಲ್ಲದೆ ಮನೆಗೆ ಹೋಗಲು ಆಗುವುದಿಲ್ಲ, ಹಾಗಾಗಿ ನೆನಪಾಗುತ್ತದೆ. ನೀವು ಮನೆ ಕೀ ಇಡಿ. ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ. ಎಲ್ಲರೂ ಉಸಿರು ಬಿಗಿಹಿಡಿದಂತೆ ನಿಂತು 1 ನಿಮಿಷ ಏನೂ ಮಾಡದೆ ರೆಕಾರ್ಡ್ ಮಾಡಿ. ಇದಕ್ಕೆ ರೂಮ್ ಟೋನ್ ಅಂತಾರೆ. ಖಾಲಿ ಕೋಣೆಗೂ ತನ್ನದೇ ಒಂದು ಸದ್ದು ಇರುತ್ತದೆ. ಅದನ್ನು ಉದ್ದಕ್ಕೆ ಟೈಮ್‌ಲೈನ್ ಕೆಳಗೆ ಹಾಸಿದರೆ ಕಟ್‌ಗಳು ಕಿವಿಗೆ ಗೊತ್ತಾಗುವುದಿಲ್ಲ.

ಆಮೇಲೆ ಒಂದೊಂದೇ ಸದ್ದು ಹತ್ತಿರದಿಂದ ತಗೊಳ್ಳಿ. ಫೋನನ್ನು ಚಿಲಕದಿಂದ ಒಂದು ಗೇಣು ದೂರ ಹಿಡಿದು ಹತ್ತು ಸಲ ಹಾಕಿ ತೆಗೆಯಿರಿ. ಹತ್ತರಲ್ಲಿ ಒಂದು ನಿಮಗೆ ಬೇಕಾದ್ದು ಸಿಗುತ್ತದೆ. ಛತ್ರಿಯ ತುದಿಯಿಂದ ನೆಲಕ್ಕೆ ಬೀಳುವ ಹನಿಯ ಸದ್ದು ತುಂಬ ಮುಖ್ಯ. ಇಡೀ 2 ನಿಮಿಷಕ್ಕೆ ಅದೇ ನಿಮ್ಮ ಸಂಗೀತ ಆಗಬಹುದು. ಬಾಗಿಲ ಹತ್ತಿರ ಜೋರಾಗಿ ಕೇಳಲಿ. ಅವಳು ಅಡುಗೆಮನೆಯಲ್ಲಿದ್ದಾಗ ತೀರಾ ಸಣ್ಣಗೆ ಕೇಳುತ್ತಲೇ ಇರಲಿ. ಆಮೇಲೆ ಒಂದು ಹೊತ್ತಿನಲ್ಲಿ ನಿಂತುಹೋಗಲಿ.

ಸದ್ದು ಹಿಂದೆ ಬೀಳುತ್ತಾ ಹೋಗುವುದಕ್ಕೆ ಕಾರಣ ಬೇರೆ. ಬಹಳಷ್ಟು ಫೋನ್‌ಗಳು ಒಂದೇ ವೇಗದಲ್ಲಿ ಫ್ರೇಮ್ (ವಿಡಿಯೊದ ಒಂದೊಂದು ಬಿಡಿ ಚಿತ್ರ) ತೆಗೆಯುವುದಿಲ್ಲ. ಬೆಳಕು ಕಡಿಮೆಯಾದರೆ ಫ್ರೇಮ್ ರೇಟ್ ಏರುಪೇರಾಗುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್‌ಗೆ ಅದು ತಿಳಿಯದೆ ಚಿತ್ರ ಒಂದು ಕಡೆ, ಸದ್ದು ಇನ್ನೊಂದು ಕಡೆ ಆಗುತ್ತದೆ. ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆಯ್ಕೆ ಮಾಡಿ ಕ್ಲಿಪ್‌ಗಳನ್ನು ಬದಲಾಯಿಸಿಕೊಂಡು, ಆಮೇಲೆ ಎಡಿಟ್ ಮಾಡಿ. ಮೂಲ ಫೈಲ್ ಮಾತ್ರ ಅಳಿಸಬೇಡಿ.

ಕತ್ತಲೆಬೆಳಕು

ಸ್ಲೋ ಮೋಷನ್ ತಡೆತಡೆದು ಓಡುವುದೂ ಫ್ರೇಮ್ ಲೆಕ್ಕದ ಸಮಸ್ಯೆಯೇ. ನೀವು ಸೆಕೆಂಡಿಗೆ 30 ಫ್ರೇಮ್‌ನಲ್ಲಿ ತೆಗೆದು ವೇಗ ಅರ್ಧ ಮಾಡಿರಬೇಕು. ಆಗ ಸೆಕೆಂಡಿಗೆ 15 ಹೊಸ ಫ್ರೇಮ್ ಮಾತ್ರ ಸಿಗುತ್ತದೆ, ಉಳಿದದ್ದು ಅದರದೇ ನಕಲು. 60 ಫ್ರೇಮ್‌ನಲ್ಲಿ ತೆಗೆದು 24ರ ಟೈಮ್‌ಲೈನ್‌ನಲ್ಲಿ 40% ವೇಗಕ್ಕೆ ಇಳಿಸಿದರೆ ನಯವಾಗಿ ಓಡುತ್ತದೆ. ನಿಮ್ಮ ಕಥೆಗೆ ಸ್ಲೋ ಮೋಷನ್ ಬೇಕೇ ಇಲ್ಲ ಅಂತ ನನ್ನ ಅನಿಸಿಕೆ. ತೆಗೆದುಬಿಡಿ.

ಒಂದು ಕೇಳಬೇಕಿತ್ತು. ಚಿತ್ರದಲ್ಲಿ ಬೆಳಕು ಮಿಣುಕುತ್ತಿದೆಯಾ? ಅಡ್ಡಡ್ಡ ಪಟ್ಟಿ ಹರಿದಂತೆ?

ಮಳೆಶಾಟ್

ಹೌದು! ಅಡುಗೆಮನೆಯಲ್ಲಿ. ಅದು ಫೋನ್ ಕೆಟ್ಟಿದೆ ಅಂದುಕೊಂಡಿದ್ದೆವು.

ಕತ್ತಲೆಬೆಳಕು

ಫೋನ್ ಸರಿಯಾಗಿದೆ. 50 ಹರ್ಟ್ಸ್ ವಿದ್ಯುತ್ ಇರುವ ಕಡೆ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಶಟರ್ (ಪ್ರತಿ ಫ್ರೇಮ್‌ಗೆ ಬೆಳಕು ಬೀಳುವ ಹೊತ್ತು) 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟಿ ಹೋಗುತ್ತದೆ. 60 ಹರ್ಟ್ಸ್ ಇರುವ ಕಡೆ 1/60 ಅಥವಾ 1/120. ಫೋನಿನ ಮಾಮೂಲಿ ಕ್ಯಾಮೆರಾದಲ್ಲಿ ಶಟರ್ ಕೈಗೆ ಸಿಗದಿದ್ದರೆ ಮ್ಯಾನ್ಯುಅಲ್ ಸೆಟ್ಟಿಂಗ್ ಇರುವ ಆ್ಯಪ್ ಹಾಕಿಕೊಳ್ಳಿ. ಫೋಕಸ್, ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಅವಳು ದೀಪದ ಮುಂದೆ ಹಾದಾಗ ಇಡೀ ಕೋಣೆ ಒಮ್ಮೆ ಬೆಳಗಿ ಒಮ್ಮೆ ಮಂಕಾಗುತ್ತದೆ.

ಇನ್ನೊಂದು ಮಾತು. ಕತ್ತಲೆ ಬೇಕು ಅಂತ ಎಲ್ಲ ದೀಪ ಆರಿಸಿ ಶೂಟ್ ಮಾಡಬೇಡಿ. ಫೋನ್ ತಾನಾಗಿ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸುತ್ತದೆ, ಚಿತ್ರ ತುಂಬ ಮರಳು ಸುರಿದಂತೆ ಕಾಣುತ್ತದೆ. ಒಂದೇ ದೀಪ ಸಾಕು, ಪಕ್ಕದಿಂದ. ಮುಖದ ಒಂದು ಭಾಗ ಬೆಳಗಲಿ, ಇನ್ನೊಂದು ಕತ್ತಲಲ್ಲಿ ಇರಲಿ. ಬೆಳಕು ಇದ್ದರೆ ತಾನೇ ಕತ್ತಲೆ ಕಾಣುವುದು.

ಮೀಡಿಯಾಮೇಷ್ಟ್ರು

ನಾನು ಇಂಥ ಪ್ರಾಜೆಕ್ಟ್‌ಗಳಿಗೆ ಮಾರ್ಕ್ಸ್ ಕೊಡುವವನು. ಮಳೆಶಾಟ್, ಎರಡು ಮಾತು ಹೇಳುತ್ತೇನೆ.

ಆ ಪಿಟೀಲು ಎಲ್ಲಿಂದ ತಂದಿರಿ? ಯಾವುದಾದರೂ ಸಿನಿಮಾದಿಂದ ತೆಗೆದದ್ದಾದರೆ ಇವತ್ತೇ ತೆಗೆದುಹಾಕಿ. ಫ್ರೀಸೌಂಡ್ ಅಂತ ಒಂದು ತಾಣ ಇದೆ, ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದವರು 2005ರಲ್ಲಿ ಶುರು ಮಾಡಿದ್ದು. ಅಲ್ಲಿ ಪ್ರತಿ ಸದ್ದಿಗೂ ಲೈಸೆನ್ಸ್ ಬರೆದಿರುತ್ತದೆ. ಸಿಸಿ0 (ಮಾಡಿದವರು ಹಕ್ಕು ಬಿಟ್ಟುಕೊಟ್ಟದ್ದು) ಇದ್ದರೆ ಹಾಗೇ ಬಳಸಬಹುದು. ಬೇರೆಯದಿದ್ದರೆ ಮಾಡಿದವರ ಹೆಸರು ಹಾಕಬೇಕಾಗುತ್ತದೆ, ಓದಿ ನೋಡಿ. ಆದರೆ ಕಿವಿಕೊಟ್ಟವರು ಹೇಳಿದ ಹನಿಯ ಸದ್ದನ್ನು ನೀವೇ ರೆಕಾರ್ಡ್ ಮಾಡಿದರೆ ನನಗೆ ಅದಕ್ಕಿಂತ ಸಂತೋಷ ಬೇರೆ ಇಲ್ಲ.

ಎರಡನೆಯದು, ನೆಲದ ಮೇಲೆ ನೀರು. ಮತ್ತೆ ಶೂಟ್ ಮಾಡುವುದಾದರೆ ಆ ಹುಡುಗಿ ಮಬ್ಬು ಬೆಳಕಿನಲ್ಲಿ ಒದ್ದೆ ನೆಲದ ಮೇಲೆ ನಡೆಯುತ್ತಾಳೆ. ದೀಪದ ವೈರ್ ನೀರಿನಿಂದ ದೂರ ಇರಲಿ. ವೈರನ್ನು ನೆಲಕ್ಕೆ ಟೇಪ್ ಹಾಕಿ ಅಂಟಿಸಿ. ಟೇಕ್ ಮುಗಿದ ಕೂಡಲೇ ಒಬ್ಬರು ನೆಲ ಒರೆಸಲಿ. ಇದನ್ನು ಒಬ್ಬರ ಜವಾಬ್ದಾರಿ ಮಾಡಿ, ಎಲ್ಲರದ್ದೂ ಅಂದರೆ ಯಾರದ್ದೂ ಆಗುವುದಿಲ್ಲ.

ಎರಡನೇವರ್ಷ

ನೀರು ಅಂದಾಗ ನೆನಪಾಯಿತು. ಮಳೆಶಾಟ್, ಛತ್ರಿ ಕೆಳಗಿನ ನೀರು ಎಲ್ಲ ಶಾಟ್‌ನಲ್ಲೂ ಒಂದೇ ಅಳತೆ ಇದೆಯಾ? ನಮ್ಮದರಲ್ಲಿ ಒಂದು ಲೋಟದ ಹಾಲು ಏರುತ್ತಾ ಇಳಿಯುತ್ತಾ ಇತ್ತು. ಇಡೀ ತರಗತಿ ಅದನ್ನೇ ನೋಡಿತು, ಕಥೆ ನೋಡಲಿಲ್ಲ. ಅವತ್ತು ನಮಗೆ ತುಂಬ ಬೇಜಾರಾಗಿತ್ತು.

ಮಳೆಶಾಟ್

ಇಲ್ಲ. ಮೊದಲ ಟೇಕ್‌ಗೆ ಒಂದು ಮಗ್ ನೀರು ಛತ್ರಿ ಮೇಲೆ ಸುರಿದಿದ್ದೆವು. ಕ್ಲೋಸಪ್ ತೆಗೆಯುವ ಹೊತ್ತಿಗೆ ಅರ್ಧ ಹರಿದುಹೋಗಿತ್ತು. ಮತ್ತೆ ಸುರಿದೆವು, ಈ ಸಲ ಜಾಸ್ತಿ ಆಯಿತು. ವೈಡ್ ಶಾಟ್‌ನಲ್ಲಿ ತಟ್ಟೆಯಷ್ಟು, ಕ್ಲೋಸಪ್‌ನಲ್ಲಿ ಚಾಪೆಯಷ್ಟು.

ಕತ್ತಲೆಬೆಳಕು

ನೀರಿಗೆ ಸ್ವಲ್ಪ ಗ್ಲಿಸರಿನ್ ಬೆರೆಸಿ ಛತ್ರಿ ಬಟ್ಟೆ ಮೇಲೆ ಚಿಮುಕಿಸಿ. ಹನಿ ಜಾರದೆ ನಿಲ್ಲುತ್ತದೆ, ಬೇಗ ಆರುವುದಿಲ್ಲ. ನೆಲಕ್ಕೆ ಮಾತ್ರ ಬರಿ ನೀರೇ ಇರಲಿ, ಗ್ಲಿಸರಿನ್ ಬಿದ್ದರೆ ಜಾರುತ್ತದೆ. ಪ್ರತಿ ಶಾಟ್ ಮುಗಿದ ಮೇಲೆ ಇನ್ನೊಂದು ಫೋನ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ಶಾಟ್‌ಗೆ ಮೊದಲು ಆ ಫೋಟೋ ನೋಡಿಯೇ ನೀರು ಸುರಿಯಿರಿ.

ಮಳೆಶಾಟ್

ನಾಲ್ಕು ದಿನ ಆಯಿತು, ವಾಪಸ್ ಬಂದಿದ್ದೇನೆ. ಸೌಂಡ್ ಎಲ್ಲ ಮತ್ತೆ ತಗೊಂಡೆವು. ಚಿಲಕ ಹದಿನಾಲ್ಕು ಸಲ ಹಾಕಿದೆವು. ಹನ್ನೊಂದನೆಯದು ಸಿಕ್ಕಿತು. ನಿಧಾನಕ್ಕೆ ಎಳೆದಾಗ ಮೊದಲು ಕಿರ್ ಅಂತ ಕಬ್ಬಿಣ ಉಜ್ಜಿ, ಕೊನೆಗೆ ಟಕ್ ಅಂತ ಕೂರುತ್ತದೆ. ಆ ಟಕ್ ಕೇಳಿದ ಕೂಡಲೇ ನಾಲ್ಕೂ ಜನ ಮುಖಮುಖ ನೋಡಿಕೊಂಡೆವು.

ಛತ್ರಿ 20ನೇ ಸೆಕೆಂಡಿಗೆ ತಂದಿದ್ದೇವೆ. ಮೊದಲು ನನಗೆ ಮನಸ್ಸೇ ಇರಲಿಲ್ಲ. ಆದರೆ ತಂದ ಮೇಲೆ ಅಡುಗೆಮನೆ ಭಾಗ ಬೇರೆಯೇ ಆಗಿಬಿಟ್ಟಿತು. ಅವಳು ಬೆನ್ನು ಹಾಕಿ ಪಾತ್ರೆಗೆ ನೀರು ಹಿಡಿಯುವ ಶಾಟ್ ಮೊದಲು 2 ಸೆಕೆಂಡ್ ಇತ್ತು, ಈಗ 9 ಸೆಕೆಂಡ್ ಬಿಟ್ಟಿದ್ದೇವೆ. ಹಿಂದಿನ ಬಾಗಿಲ ಸಂದಿ ಫ್ರೇಮ್‌ನಲ್ಲಿ ಇದೆ. ಅಲ್ಲಿ ಯಾರೂ ಬರುವುದಿಲ್ಲ. ಆದರೂ ನೋಡಿದವರೆಲ್ಲ ಆ ಸಂದಿಯನ್ನೇ ನೋಡುತ್ತಾರೆ.

ಆದರೆ ಎರಡನೇವರ್ಷ ಹೇಳಿದ ಸಮಸ್ಯೆ ಹಾಗೇ ಇದೆ. ಕೊನೆ ಇಲ್ಲ.

ಹಳೇಎಡಿಟರ್

ಆ 9 ಸೆಕೆಂಡ್ ಯಾವ ಕಾರಣಕ್ಕೂ ಕತ್ತರಿಸಬೇಡಿ. ಬೇಜಾರಾಗುತ್ತಿದೆ ಅಂತ ನಿಮಗೆ ಅನಿಸಬಹುದು, ಯಾಕೆಂದರೆ ನೀವು ಅದನ್ನು ನೂರು ಸಲ ನೋಡಿದ್ದೀರಿ. ಮೊದಲ ಸಲ ನೋಡುವವರಿಗೆ ಹಾಗಾಗುವುದಿಲ್ಲ.

ಕೊನೆಗೆ ಏನು ಬೇಕು ಅಂದರೆ, ನೋಡುಗರಿಗೆ ಗೊತ್ತಿದ್ದ ಒಂದು ವಿಷಯ ಬದಲಾಗಬೇಕು. ಹೊಸದೇನನ್ನೋ ತರಬೇಡಿ. ಬಳಸದ ಕ್ಲಿಪ್‌ಗಳನ್ನು ಒಮ್ಮೆ ಪೂರ್ತಿ ನೋಡಿದ್ದೀರಾ? ಟೇಕ್ ಮುಗಿದ ಮೇಲೆ ಕ್ಯಾಮೆರಾ ಓಡುತ್ತಲೇ ಇದ್ದ ಭಾಗ, ಶುರುವಿಗೆ ಮೊದಲಿನ ಭಾಗ. ಎಡಿಟ್ ಮಾಡುವವರು ಮೊದಲು ಮಾಡಬೇಕಾದ ಕೆಲಸ ಅದು. ರಷ್ಯಾದ ನಿರ್ದೇಶಕ ಕುಲೆಶೋವ್ ಮಾಡಿದ ಪ್ರಯೋಗ ತರಗತಿಯಲ್ಲಿ ಕೇಳಿರುತ್ತೀರಿ. ಅದೇ ಒಂದು ಮುಖದ ಶಾಟ್, ಪಕ್ಕದಲ್ಲಿ ಊಟದ ಬಟ್ಟಲು ಇಟ್ಟರೆ ಹಸಿವು ಕಾಣುತ್ತದೆ, ಶವಪೆಟ್ಟಿಗೆ ಇಟ್ಟರೆ ದುಃಖ ಕಾಣುತ್ತದೆ. ಯಾವುದಕ್ಕೋ ತೆಗೆದ ಶಾಟ್ ಇನ್ನೆಲ್ಲೋ ಇಟ್ಟರೆ ಬೇರೆ ಅರ್ಥ ಕೊಡುತ್ತದೆ.

ಮಳೆಶಾಟ್

ನಿನ್ನೆ ರಾತ್ರಿ ಕೂತು ಎಲ್ಲ ನೋಡಿದೆ. 2 ಗಂಟೆ 10 ನಿಮಿಷದ ಫುಟೇಜ್.

ಮೂಲೆಯ ಕ್ಲೋಸಪ್‌ನ ಐದನೇ ಟೇಕ್. ಶಾಟ್ ಆಯಿತು ಅಂತ ಗೆಳತಿ ಛತ್ರಿ ಎತ್ತಿಕೊಂಡು ಹೋಗಿದ್ದಾಳೆ. ರೆಕಾರ್ಡಿಂಗ್ ನಿಲ್ಲಿಸುವುದು ಮರೆತುಹೋಗಿದೆ. ಫೋನ್ ಟ್ರೈಪಾಡ್ ಮೇಲೆ ಹಾಗೇ ಇದೆ. ಛತ್ರಿ ಇಲ್ಲ. ನೆಲದ ಮೇಲೆ ನೀರು ಮಾತ್ರ ಇದೆ. 13 ಸೆಕೆಂಡ್. ನೀರಿನ ಅಂಚು ಮೆಲ್ಲಗೆ ಹರಡುತ್ತಾ ಒಂದು ಟೈಲ್ಸ್ ಗೆರೆ ದಾಟುತ್ತದೆ.

ಹೀಗೆ ಜೋಡಿಸಿದೆ. ಅಡುಗೆಮನೆಯಲ್ಲಿ ಹನಿ ಸದ್ದು ನಿಲ್ಲುತ್ತದೆ. ಅವಳು ತಲೆ ಎತ್ತುತ್ತಾಳೆ. ವಾಪಸ್ ಬರುತ್ತಾಳೆ. ಅವಳ ಮುಖ. ಮೂಲೆ, ಬರಿ ನೀರು. ಆಮೇಲೆ ಚಿಲಕದ ಕ್ಲೋಸಪ್. ಒಳಗಿನಿಂದ ಹಾಕಿದ ಹಾಗೇ ಇದೆ.

ಎರಡನೇವರ್ಷ

ಅಯ್ಯೋ. ಓದುವಾಗಲೇ ಕೈ ತಣ್ಣಗಾಯಿತು. ಚಿಲಕ ಹಾಗೇ ಇದೆ ಅಂದರೆ ಹೊರಗೆ ಹೋಗಿಲ್ಲ. ನನ್ನ ಆಕ್ಷೇಪಣೆ ವಾಪಸ್ ತಗೊಂಡೆ.

ಕಿವಿಕೊಟ್ಟವ

ಚಿಲಕದ ಶಾಟ್‌ಗೆ ಸದ್ದು ಹಾಕಬೇಡಿ. ಆ ಟಕ್ ಮೊದಲು ಒಮ್ಮೆ ಜೋರಾಗಿ ಕೇಳಿದ್ದೇವೆ, ಅಷ್ಟು ಸಾಕು. ರೂಮ್ ಟೋನ್ ಮಾತ್ರ ಉಳಿಸಿ. ಮಾತು ಇರುವ ಕಡೆ ಸದ್ದಿನ ಮಟ್ಟ ತೋರಿಸುವ ಮೀಟರ್ ಮೈನಸ್ 12 ಡಿಬಿ (ಡೆಸಿಬೆಲ್) ಆಸುಪಾಸಿನಲ್ಲಿ ಇರಲಿ. ಯಾವುದೂ 0 ಮುಟ್ಟಬಾರದು, ಮುಟ್ಟಿದರೆ ಸದ್ದು ಒಡೆಯುತ್ತದೆ.

ಕತ್ತಲೆಬೆಳಕು

ಒಂದೇ ಅನುಮಾನ. ಅಡುಗೆಮನೆಯಿಂದ ಹೊರಡುವಾಗ ಅವಳು ಫ್ರೇಮ್‌ನ ಯಾವ ಕಡೆಯಿಂದ ಹೋಗುತ್ತಾಳೆ? ಬಲಗಡೆ ಹೋದರೆ ಮುಂದಿನ ಶಾಟ್‌ಗೆ ಎಡಗಡೆಯಿಂದ ಬರಬೇಕು. ಇಲ್ಲದಿದ್ದರೆ ಅವಳು ಬಾಗಿಲಿನತ್ತ ಬರುತ್ತಿದ್ದಾಳೋ ವಾಪಸ್ ಒಳಗೆ ಹೋಗುತ್ತಿದ್ದಾಳೋ ತಿಳಿಯುವುದಿಲ್ಲ. ಈ ಕೊನೆಗೆ ದಿಕ್ಕು ಸ್ಪಷ್ಟವಾಗಿ ಇರಲೇಬೇಕು.

ಮಳೆಶಾಟ್

ನೋಡಿದೆ, ತಪ್ಪಿದೆ. ಬಲಕ್ಕೆ ಹೋಗಿ ಬಲದಿಂದಲೇ ಬರುತ್ತಾಳೆ. ಚಿತ್ರ ತಿರುಗಿಸಿ ಹಾಕೋಣ ಅಂದರೆ ಗೋಡೆಯ ಕ್ಯಾಲೆಂಡರ್‌ನ ಅಂಕಿಗಳು ಉಲ್ಟಾ ಆಗುತ್ತವೆ. ಶನಿವಾರ ಆ ಒಂದು ಶಾಟ್ ಮತ್ತೆ ತೆಗೆಯುತ್ತೇವೆ. ಹುಡುಗಿಯ ಬಟ್ಟೆ, ಕೂದಲು, ನೀರಿನ ಅಳತೆ ಎಲ್ಲಕ್ಕೂ ಫೋಟೋ ಪ್ರಿಂಟ್ ಮಾಡಿಕೊಂಡಿದ್ದೇವೆ.

ಮೀಡಿಯಾಮೇಷ್ಟ್ರು

ನಟಿಸಿದವರ, ಕೆಲಸ ಮಾಡಿದವರ ಹೆಸರುಗಳನ್ನು ಎಲ್ಲಿ ಇಟ್ಟಿದ್ದೀರಿ? ಛತ್ರಿ ಕಾಣುವ ಶಾಟ್ ಮೇಲೆ ಹೆಸರು ಹಾಕಬೇಡಿ. ಅಕ್ಷರ ಕಂಡರೆ ಕಣ್ಣು ಮೊದಲು ಅದನ್ನೇ ಓದುತ್ತದೆ. ಶುರುವಿನ ಮಳೆ, ಮೆಟ್ಟಿಲು, ಕೀ ತಿರುಗಿಸುವ ಶಾಟ್‌ಗಳ ಮೇಲೆ ಮುಗಿಸಿಬಿಡಿ. ಪ್ರತಿ ಹೆಸರನ್ನು ಬಾಯಿಬಿಟ್ಟು ಎರಡು ಸಲ ಓದಿ, ಅಷ್ಟು ಹೊತ್ತು ಪರದೆ ಮೇಲೆ ಇರಲಿ.

ಇನ್ನೊಂದು, ಎಡಿಟಿಂಗ್ ಪ್ರಾಜೆಕ್ಟ್ ಫೈಲ್ ಒಳಗೆ ವಿಡಿಯೊ ಇರುವುದಿಲ್ಲ. ವಿಡಿಯೊ ಎಲ್ಲಿದೆ ಅನ್ನೋ ದಾರಿ ಮಾತ್ರ ಇರುತ್ತದೆ. ಕ್ಲಿಪ್‌ಗಳ ಫೋಲ್ಡರ್ ಸಮೇತ ಎರಡು ಬೇರೆ ಬೇರೆ ಕಡೆ ಕಾಪಿ ಇಡಿ. ಕೊನೆ ದಿನ ಪೆನ್ ಡ್ರೈವ್‌ನಲ್ಲಿ ಬರಿ ಪ್ರಾಜೆಕ್ಟ್ ಫೈಲ್ ತಂದು ಅತ್ತ ಮಕ್ಕಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಆ ಸಂಕಟ ನಿಮಗೆ ಬೇಡ.

ಮಳೆಶಾಟ್

ಶನಿವಾರದ ಶಾಟ್ ಆಯಿತು, ಮೂರನೇ ಟೇಕ್‌ಗೆ ಸರಿಬಂತು. ಎರಡು ಕಡೆ ಕಾಪಿ ಇಟ್ಟಿದ್ದೇವೆ. ಈಗ ಒಟ್ಟು 23 ಶಾಟ್, 1 ನಿಮಿಷ 57 ಸೆಕೆಂಡ್. ಸಂಗೀತ ಇಲ್ಲವೇ ಇಲ್ಲ.

ಇವತ್ತು ತರಗತಿಯಲ್ಲಿ ಹಾಕಿದೆವು. ನಾನು ಪರದೆ ನೋಡಲಿಲ್ಲ, ಪಕ್ಕಕ್ಕೆ ತಿರುಗಿ ಎಲ್ಲರ ಮುಖ ನೋಡುತ್ತಿದ್ದೆ. ಅಡುಗೆಮನೆ ಶಾಟ್ ಬಂದಾಗ ಹಿಂದಿನ ಬೆಂಚಿನ ಹುಡುಗ ಮಾತು ನಿಲ್ಲಿಸಿದ. ಹನಿ ಸದ್ದು ನಿಂತಾಗ ಯಾರೋ ಸಣ್ಣಗೆ "ನಿಂತ್ಹೋಯ್ತು" ಅಂದರು. ಚಿಲಕ ಬಂತು, ಹೆಸರು ಬಂತು, ಕಪ್ಪಾಯಿತು. ಮೇಷ್ಟ್ರು ಲೈಟ್ ಹಾಕಲು ಎದ್ದವರು ಸ್ವಿಚ್ ಹತ್ತಿರ ಹೋಗಿ, ಅಲ್ಲೇ ಬಾಗಿಲ ಹಿಂದಿನ ಮೂಲೆಯನ್ನು ಒಮ್ಮೆ ಬಗ್ಗಿ ನೋಡಿದರು.